ಸಡಿಲಿಸಿಟ್ಟ ತಂತಿ, ಅರ್ಧ ಬಾಡಿಗೆಯ ಕೋಣೆ

ಬಹ್ರೇನಿನ ಹೂರಾದ ಹಿಂಬದಿಯ ಗಲ್ಲಿಯಲ್ಲಿರುವ ನನ್ನ ಕೋಣೆ ನನಗೆ ಬಿದ್ದದ್ದು ಅಕ್ಕಪಕ್ಕದವರು ಕೊಡುವ ಬಾಡಿಗೆಯ ಸರಿಯಾಗಿ ಅರ್ಧಕ್ಕೆ. ಕೋಣೆ ಚಿಕ್ಕದು ಅಂತಲ್ಲ. ಗಲ್ಲಿಗೇ ಬಾಗಿಲು, ಒಂದು ಮೊಳ ದಪ್ಪದ ಹಳೇ ಗೋಡೆ, ಎತ್ತರದ ಮಾಡು, ಹಿಂದೆ ಬಚ್ಚಲು. ಅರ್ಧಕ್ಕೆ ಬಿದ್ದದ್ದು ಏಕೆಂದರೆ ಅಲ್ಲಿ ಯಾವ ಬಾಡಿಗೆದಾರನೂ ನಿಲ್ಲುತ್ತಿರಲಿಲ್ಲ. ಮೊದಲು ಒಬ್ಬ ಟೈಲರ್ ಇದ್ದ, ಆಮೇಲೆ ಮೊಬೈಲ್ ರಿಪೇರಿಯವ, ಆಮೇಲೆ ಮಕ್ಕಳಿಗೆ ಟ್ಯೂಷನ್ ಹೇಳುವ ಮಲಯಾಳಿ ಟೀಚರ್. ಮೂವರೂ ಬಿಟ್ಟುಹೋಗುವಾಗ ಹೇಳಿದ್ದು ಒಂದೇ ಮಾತು: ಮಧ್ಯಾಹ್ನ ಎಸಿ ನಿಲ್ಲಿಸಿದರೆ ಗೋಡೆ ಗುಂಯ್‌ಗುಡುತ್ತದೆ.

ಇದು ನನಗೆ ಮೊದಲೇ ಗೊತ್ತಿತ್ತು. ಕೋಣೆ ನೋಡುವ ಮೊದಲು ಅಲ್ಲಿಂದ ಬಿಟ್ಟುಹೋದವರನ್ನು ಹುಡುಕಿ ಒಂದು ಚಹಾ ಕುಡಿಸುವುದು ನನ್ನ ಪದ್ಧತಿ. ಮಾಲೀಕರು ವಯಸ್ಸಾದ ಬಹ್ರೇನಿ. ಗಲ್ಲಿಯವರೆಲ್ಲ ಅವರನ್ನು ಹಾಜಿ ಎಂದೇ ಕರೆಯುವುದು. ನಮ್ಮಿಬ್ಬರ ಮಾತು ಅರ್ಧ ಹಿಂದಿ, ಅರ್ಧ ಅರಬಿ; ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಹಾಜಿ, ಈ ಗೋಡೆ ಯಾಕೆ ಗುಂಯ್ ಅಂತದೆ?” ಎಂದು ಕೇಳಿದೆ.

“ಸಮುದ್ರ,” ಎಂದರು ಅವರು, ಜಪಮಣಿ ನಿಲ್ಲಿಸದೆ.

“ಇಲ್ಲಿ ಸಮುದ್ರ ಎಲ್ಲಿ ಉಂಟು? ಕಾರಲ್ಲಿ ಹೋಗಬೇಕು.”

“ನಿನಗೆ ಕಾರು. ನನ್ನ ತಂದೆಗೆ ಈ ಹೊಸ್ತಿಲೇ ದಡ. ಆಮೇಲೆ ಮಣ್ಣು ತುಂಬಿಸಿ ಸಮುದ್ರವನ್ನು ಆಚೆ ತಳ್ಳಿದರು. ತಳ್ಳಿದ ವಿಷಯ ಅದಕ್ಕೆ ಯಾರಾದರೂ ಹೇಳಿದ್ದಾರಾ?”

“ಹಾಗಾದರೆ ಅರ್ಧ ಬಾಡಿಗೆ ನಾನು ಕೊಡ್ತೇನೆ. ಉಳಿದರ್ಧ ಸಮುದ್ರದ ಹತ್ತಿರ ವಸೂಲು ಮಾಡಿ. ಒಟ್ಟಿಗೆ ಇರುವವರು ನಾವಿಬ್ಬರಲ್ವಾ?”

ಹಾಜಿ ಮೈ ಕುಲುಕಿಸಿ ನಕ್ಕು, “ಕಲಾಸ್, ಸದೀಕ್. ಆಯ್ತು ಗೆಳೆಯಾ. ನಿನ್ನನ್ನು ನೋಡಿ ಸಮುದ್ರವೇ ಓಡಿಹೋಗುತ್ತದೆ,” ಎಂದರು. ಒಪ್ಪಂದ ಮುಗಿಯಿತು.

ನಾನು ಊರಿನಿಂದ ಬಂದದ್ದು ಕರ್ಟನ್ ಅಂಗಡಿಯಲ್ಲಿ ಏಣಿ ಹಿಡಿಯುವ ಕೆಲಸಕ್ಕೆ. ಕರ್ಟನ್‌ನಿಂದ ಕಾರ್ಪೆಟ್‌ಗೆ, ಕಾರ್ಪೆಟ್‌ನಿಂದ ಫೋಮ್‌ಗೆ ಬಂದೆ. ಹಾಗೆ ಫೋಮ್ ಹಚ್ಚಿಸಿಕೊಂಡ ಒಬ್ಬ ಗಿರಾಕಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸಲಾಗದೆ ಕೈಬಿಟ್ಟಾಗ ಅವನ ಮೆಷಿನುಗಳನ್ನು ನಾನೇ ತೆಗೆದುಕೊಂಡೆ, ಅವನ ಸೌಂಡ್ ಎಂಜಿನಿಯರನ್ನೂ ಉಳಿಸಿಕೊಂಡೆ. ಆಕೆ ಬೆಂಗಳೂರಿನವರು, ಚಿಕ್ಕಂದಿನಲ್ಲಿ ವೀಣೆ ಕಲಿತವರು, ಕಿವಿ ಎಂದರೆ ಕಿವಿ. ದಿನಾ ರಿಫಾದಿಂದ ಕಾರು ಓಡಿಸಿಕೊಂಡು ಬರುತ್ತಾರೆ. ಹೂರಾದ ಕೋಣೆಯ ಗೋಡೆಗೆ ಒಂದು ಪದರ ಫೋಮ್ ಸಾಕು ಎಂದು ಅವರು ಹೇಳಿದರು. ನಾನು ಎರಡು ಪದರ ಹಚ್ಚಿಸಿದೆ. ನನ್ನದೇ ಸರಕು, ನನಗೇನು. ಅದರ ಮೇಲೆ ಕಾರ್ಪೆಟ್, ಮೇಲೊಂದು ದಪ್ಪ ಕರ್ಟನ್. ಗುಂಯ್ ಸದ್ದು ಅಡಗಿತು. ಜಾಹೀರಾತಿನ ಧ್ವನಿ, ಕನ್ನಡ ಸಂಘದವರ ನಾಟಕದ ಹಾಡು, ಮದುವೆಯ ಹಾಡು ಎಲ್ಲ ಅಲ್ಲಿ ಆಗುತ್ತಿತ್ತು. ಸಮುದ್ರ ನಿಜಕ್ಕೂ ಓಡಿಹೋಯಿತೆಂದೇ ನಾನು ತಿಳಿದಿದ್ದೆ.

ಕಳೆದ ಬೇಸಿಗೆಯಲ್ಲಿ ಒಂದು ಫೋನ್ ಬಂತು. ಮಾತಾಡಿದವನು ಇಲ್ಲಿಯವನೇ ಆದ ಒಬ್ಬ ನಿರ್ದೇಶಕ. ಮುತ್ತು ತೆಗೆಯಲು ಸಮುದ್ರಕ್ಕೆ ಇಳಿಯುವ ಹುಡುಗನೊಬ್ಬನ ಕಾರ್ಟೂನ್ ಸಿನಿಮಾ ಮಾಡುತ್ತಿದ್ದ. ಹವಾಯಿಯಿಂದ ಗಿಟಾರ್ ನುಡಿಸುವವರು ಬರುತ್ತಾರೆ, ಹೂರಾದಲ್ಲಿ ಕೋಣೆ ಬೇಕು ಎಂದ.

“ಹೂರಾವೇ ಯಾಕೆ? ಜಿಂಜ್‌ನಲ್ಲಿ ನನಗಿಂತ ಒಳ್ಳೆಯ ಸ್ಟುಡಿಯೋ ಉಂಟಲ್ಲ?” ಎಂದು ಬಾಯಿತಪ್ಪಿ ಕೇಳಿದೆ.

“ಅವರಲ್ಲಿ ಹಿರಿಯರೊಬ್ಬರದ್ದು ಹಠ. ಹೂರಾದಲ್ಲೇ ಆಗಬೇಕು ಎಂದು ಕರಾರು ಕಾಗದದಲ್ಲೇ ಬರೆಸಿದ್ದಾರೆ.”

ಹಠ ಇದೆ ಎಂದು ಗೊತ್ತಾದ ಮೇಲೆ ನಾನು ಹಳೆಯ ದರ ಹೇಳುತ್ತೇನೆಯೇ? ಒಂದೂವರೆ ಪಟ್ಟು ಹೇಳಿದೆ. ಅವನು ಒಪ್ಪಿದ. ಹಠ ಯಾಕೆ ಎಂದು ಮಾತ್ರ ನಾನು ಕೇಳಲಿಲ್ಲ.

ಬಂದವರು ಇಬ್ಬರು: ಒಬ್ಬರು ಮುದುಕರು, ಮತ್ತು ಅವರ ಅಣ್ಣನ ಮಗಳು. ಹಠ ಮಾಡಿದ ಅಣ್ಣ ಬರಲಿಲ್ಲ. ಕಾಗದಕ್ಕೆ ಸಹಿ ಹಾಕಿದ ಮೇಲೆ, ಹೊರಡುವ ಮೊದಲೇ ಊರಲ್ಲಿ ತೀರಿಕೊಂಡಿದ್ದರು. ಅವರ ಗಿಟಾರ್ ಮಾತ್ರ ಬಂದಿತ್ತು. ಮುದುಕರು ಅದರ ಪೆಟ್ಟಿಗೆಯನ್ನು ಮಗು ಎತ್ತಿದ ಹಾಗೆ ಎತ್ತಿ ತಂದು ಮುಚ್ಚಳ ತೆಗೆದರು. ತಂತಿಗಳೆಲ್ಲ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿದ್ದವು.

“ಅಯ್ಯೋ, ವಿಮಾನದಲ್ಲಿ ಹಾಳಾಗಿದೆ. ಕ್ಲೇಮ್ ಹಾಕಿ ಅಂಕಲ್, ನಾನು ಫಾರಂ ತುಂಬಿಸಿ ಕೊಡ್ತೇನೆ,” ಎಂದೆ ನಾನು.

ಮುದುಕರು ನಕ್ಕರು. “ಇಲ್ಲ ಬ್ರದರ್. ಅಣ್ಣ ಹೀಗೇ ಇಟ್ಟುಹೋದದ್ದು.”

ಅವರ ಸಂಗೀತದ ಗುಟ್ಟು ಅಲ್ಲೇ ಇತ್ತು. ಬೇರೆಯವರು ಗಿಟಾರ್‌ಗೆ ಎಲ್ಲ ಕಡೆ ನಡೆಯುವ ಒಂದೇ ಶ್ರುತಿ ಇಡುತ್ತಾರೆ. ಇವರು ಬಿರಡೆ ತಿರುಗಿಸಿ ಕೆಲವು ತಂತಿಗಳನ್ನು ಸಡಿಲಿಸಿ ತಮ್ಮದೇ ಶ್ರುತಿ ಇಡುತ್ತಾರೆ. ಅದಕ್ಕೇ ಸ್ಲ್ಯಾಕ್ ಕೀ ಎಂದು ಹೆಸರು. ಯಾವ ತಂತಿಯನ್ನು ಎಷ್ಟು ಸಡಿಲಿಸಬೇಕು ಎಂಬುದು ಹಳಬರಲ್ಲಿ ಮನೆತನದ ಸ್ವತ್ತು. ಹೊರಗಿನವರಿಗೆ ಬಿಡಿ, ಕೆಲವರು ಒಡಹುಟ್ಟಿದವರಿಗೂ ಹೇಳುವುದಿಲ್ಲವಂತೆ. ನುಡಿಸಿ ಮುಗಿದ ಕೂಡಲೇ ಬಿರಡೆಗಳ ಮೇಲೆ ಒಮ್ಮೆ ಕೈಯಾಡಿಸಿ ಎಲ್ಲ ಸಡಿಲಿಸಿಬಿಟ್ಟು ಗಿಟಾರ್ ಕೆಳಗಿಡುವುದು. ಇನ್ನೊಬ್ಬ ಎತ್ತಿಕೊಂಡರೆ ಅವನ ಕೈಗೆ ಏನೂ ಸಿಗಬಾರದು. ಈ ಮುದುಕರೂ ಬಚ್ಚಲಿಗೆ ಎದ್ದರೆ ಸಾಕು, ತಮ್ಮ ಗಿಟಾರ್ ಸಡಿಲಿಸಿಯೇ ಏಳುತ್ತಿದ್ದರು. ಕೈ ತಾನಾಗಿ ಹೋಗುತ್ತಿತ್ತು.

ಎಂಜಿನಿಯರ್ ಮೇಡಮ್ ನನ್ನ ಕಿವಿಯಲ್ಲಿ, “ಇದೆಂಥಾ ಜಿಪುಣತನ ಸರ್? ಸ್ವಂತ ತಮ್ಮಂಗೂ ಹೇಳಲ್ವಾ?” ಎಂದರು.

ನನಗೆ ಅದು ಜಿಪುಣತನ ಅನ್ನಿಸಲಿಲ್ಲ. ನನ್ನ ಫೋಮ್ ಯಾವ ಗೋದಾಮಿನಿಂದ ಬರುತ್ತದೆ ಎಂದು ನನ್ನ ಹೆಂಡತಿಗೂ ಗೊತ್ತಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿ ಕಿತ್ತೇ ಒಳಗೆ ತರುವುದು.

ಈಗ ತೊಂದರೆ ಏನೆಂದರೆ, ಸಿನಿಮಾದ ಮುಖ್ಯ ರಾಗ ಅಣ್ಣನದ್ದು. ಬದುಕಿದ್ದಾಗ ಮಗಳ ಫೋನಿನಲ್ಲಿ ಒಮ್ಮೆ ನುಡಿಸಿ ಕಳಿಸಿದ್ದರು. ಹುಡುಗ ಮೊದಲ ಸಲ ತಳಕ್ಕೆ ಇಳಿಯುವ ಜಾಗಕ್ಕೆ ನಿರ್ದೇಶಕನಿಗೆ ಅದೇ ಬೇಕು. ಮೇಲಿನ ನಾಲ್ಕು ತಂತಿಗಳ ಶ್ರುತಿ ಫೋನಿನಲ್ಲಿ ಸಿಗುತ್ತದೆ. ಕೆಳಗಿನ ಎರಡು ದಪ್ಪ ತಂತಿಗಳದ್ದು ಸಿಗುವುದಿಲ್ಲ. ಅಷ್ಟು ಕೆಳಗಿನ ಸದ್ದನ್ನು ಆ ಸಣ್ಣ ಫೋನು ಹಿಡಿದೇ ಇರಲಿಲ್ಲ. ಅಣ್ಣ ತಮ್ಮನಿಗೂ ಬೆನ್ನು ಹಾಕಿ ಕೂತೇ ನುಡಿಸುತ್ತಿದ್ದವರು. ಆ ಎರಡು ತಂತಿ ಸಿಗದಿದ್ದರೆ ರಾಗ ಅಣ್ಣನ ಜೊತೆಗೇ ಹೋದಂತೆ. ಗುರುವಾರ ಸಂಜೆಯೊಳಗೆ ಆಗದಿದ್ದರೆ ಕಂಪ್ಯೂಟರಿನಲ್ಲಿ ಬೇರೆಯದು ಮಾಡಿಸುತ್ತೇನೆ ಎಂದು ನಿರ್ದೇಶಕ ವಿಡಿಯೋ ಕಾಲಿನಲ್ಲಿ ಮರ್ಯಾದೆಯಿಂದಲೇ ಹೇಳಿದ.

ಮುದುಕರು ಪ್ರಯತ್ನಿಸಿದರು. ದಪ್ಪ ತಂತಿಯನ್ನು ಸ್ವಲ್ಪ ಬಿಗಿದು ಮೀಟುವುದು, ತಲೆ ಅಲ್ಲಾಡಿಸುವುದು. ಸ್ವಲ್ಪ ಸಡಿಲಿಸುವುದು, ತಲೆ ಅಲ್ಲಾಡಿಸುವುದು. ನನಗೆ ಎಲ್ಲವೂ ಚಂದವೇ ಕೇಳುತ್ತಿತ್ತು.

“ಅಂಕಲ್, ಇದೇ ಆಗಬಹುದು ಅಲ್ವಾ? ಸಿನಿಮಾ ನೋಡುವ ಮಕ್ಕಳಿಗೆ ಎಂತ ಗೊತ್ತಾಗ್ತದೆ?” ಎಂದೆ.

“ಮಕ್ಕಳಿಗೆ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾಗುತ್ತದೆ,” ಎಂದರು ಮುದುಕರು.

ಯಾರಿಗೆ ಎಂದು ನಾನು ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಮೇಡಮ್ ಎಸಿ ನಿಲ್ಲಿಸಿದರು. ಎಸಿಯ ಸದ್ದು ಮೈಕಿಗೆ ಹೋಗುತ್ತದೆಂದು ಟೇಕ್ ತೆಗೆದುಕೊಳ್ಳುವಾಗ ನಿಲ್ಲಿಸಲೇಬೇಕು. ನಮ್ಮ ಬೇಸಿಗೆಯಲ್ಲಿ ಎಸಿ ನಿಂತ ಕೋಣೆ ಬೇಗ ಬೇಯುತ್ತದೆ. ಹೆಚ್ಚು ಹೊತ್ತು ಕೂರಲಾಗುವುದಿಲ್ಲ. ಮುದುಕರು ತಮ್ಮ ಗಿಟಾರ್‌ನಲ್ಲಿ ಬೇರೊಂದು ಹಾಡು ನುಡಿಸುತ್ತಿದ್ದರು. ಅಣ್ಣನ ಗಿಟಾರ್ ಮೂಲೆಯ ಸ್ಟ್ಯಾಂಡಿನಲ್ಲಿತ್ತು. ಕೋಣೆಯ ನಡುವಿನ ಗಾಜಿನ ಗೋಡೆಯ ಈಚೆ ಮೆಷಿನ್ ಎದುರು ಕೂತ ಮೇಡಮ್ ಕೈ ಎತ್ತಿ ನಿಲ್ಲಿಸಿದರು.

“ಸರ್, ಕೆಳಗಡೆ ಏನೋ ಹಮ್ ಇದೆ. ಫ್ರಿಜ್ ಆಫ್ ಮಾಡಿ.”

ಫ್ರಿಜ್ ನಿಲ್ಲಿಸಿದೆ. ಪಕ್ಕದ ಮನೆಯವರ ಎಸಿಯನ್ನು ಕೈಮುಗಿದು ನಿಲ್ಲಿಸಿ ಬಂದೆ. ಮೇಡಮ್ ಒಂದೊಂದೇ ವೈರು ಕಿತ್ತು ನೋಡಿದರು. ಹೆಡ್‌ಫೋನನ್ನು ನನ್ನ ಕಿವಿಗೂ ಇಟ್ಟರು. ಸದ್ದೆಂದು ಹೇಳುವುದಕ್ಕೂ ಆಗದಷ್ಟು ಕೆಳಗಿನ ಸದ್ದು. ಬಾಯಿ ಮುಚ್ಚಿಕೊಂಡು ಹಲವರು ಒಟ್ಟಿಗೆ ಗುನುಗಿದ ಹಾಗೆ. ನನಗೆ ಅದು ಕಿವಿಯಲ್ಲಿ ಕೇಳಿದ್ದಕ್ಕಿಂತ ಹಲ್ಲಿನಲ್ಲಿ ಗೊತ್ತಾಯಿತು.

ಅಣ್ಣನ ಮಗಳು ಎದ್ದುಹೋಗಿ ಮೂಲೆಯ ಗಿಟಾರನ್ನು ಎತ್ತಿ ಹೊರಗೆ ಗಲ್ಲಿಗೆ ಒಯ್ದಳು. ಸದ್ದು ನಿಂತಿತು. ಒಳಗೆ ತಂದಳು. ಸದ್ದು ಬಂತು. ಮೇಡಮ್ ಓಡಿ ಬಂದು ಕೆಳಗಿನ ದಪ್ಪ ತಂತಿಯ ಮೇಲೆ ಬೆರಳಿಟ್ಟರು, ಇಟ್ಟ ಬೆರಳನ್ನು ಕೂಡಲೇ ಹಿಂದೆಳೆದುಕೊಂಡರು.

“ನಡುಗ್ತಾ ಇದೆ ಸರ್. ಬಿಗಿನೇ ಇಲ್ಲದ ತಂತಿ ಹೇಗೆ ನಡುಗುತ್ತೆ?”

“ಕಟ್ಟಡ ಹಳತು ಮೇಡಮ್. ಎಲ್ಲೋ ಪಂಪು ಓಡ್ತಾ ಇರಬೇಕು,” ಎಂದೆ. ಪಂಪು ಇಲ್ಲವೆಂದು ನನಗೆ ಗೊತ್ತಿತ್ತು. ಇದ್ದಿದ್ದರೆ ಅದರ ಕರೆಂಟ್ ಬಿಲ್ಲಿನ ಪಾಲು ಹಾಜಿ ನನ್ನಿಂದ ಕೇಳುತ್ತಿದ್ದರು.

ಹಾಜಿಯನ್ನೇ ಕರೆದೆ. ಹಣೆಯ ಬೆವರು ಒರೆಸುತ್ತ ಬಂದವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಜಪಮಣಿ ನಿಂತಿತು. ಆ ಮುಖವನ್ನು ನಾನು ಬಾಡಿಗೆ ಜಗಳದಲ್ಲೂ ನೋಡಿರಲಿಲ್ಲ.

“ನನ್ನ ತಂದೆಯ ಜನ,” ಎಂದರು. “ದೋಣಿಯಲ್ಲಿ ಒಬ್ಬ ಹಾಡುತ್ತಿದ್ದ. ಉಳಿದವರು ಅವನ ದನಿಯ ಕೆಳಗೆ ಹೀಗೆ ಗುನುಗುತ್ತಿದ್ದರು. ಸಮುದ್ರಕ್ಕೆ ಹೋಗದ ತಿಂಗಳುಗಳಲ್ಲಿ ಇಲ್ಲೇ ಕೂತು ಹಾಡುತ್ತಿದ್ದರು, ಇದೇ ಕೋಣೆಯಲ್ಲಿ. ನಾನು ಮುದುಕನಾಗುವವರೆಗೂ ಕೊನೆಯ ನಾಲ್ಕೈದು ಜನ ಶುಕ್ರವಾರ ಸೇರುತ್ತಿದ್ದರು. ಇದನ್ನು ಮನುಷ್ಯರು ಕಟ್ಟಿದ್ದಲ್ಲ ಅಂತ ನಮ್ಮವರು ಹೇಳುವುದುಂಟು. ಕಣ್ಣಿಗೆ ಕಾಣದ ಜಿನ್‌ಗಳಿಂದ ಕೇಳಿ ಕಲಿತದ್ದಂತೆ. ಹೊರಗೆ ಹೇಳಬಾರದು ಎಂದು ಮಾತು ತೆಗೆದುಕೊಂಡೇ ಕಲಿಸಿದ್ದಂತೆ.”

ನಾನು ಇದನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದಾಗ ಮುದುಕರು ಎದ್ದು ನಿಂತರು. “ಶುಕ್ರವಾರವಾ?”

ಬಹಳ ವರ್ಷಗಳ ಹಿಂದೆ ಅಣ್ಣತಮ್ಮಂದಿರು ಚಳಿಗಾಲದಲ್ಲಿ ಇಲ್ಲಿಯ ಒಂದು ಹೋಟೆಲಿನಲ್ಲಿ ನುಡಿಸಲು ಬರುತ್ತಿದ್ದರಂತೆ. ನಿರ್ದೇಶಕ ಮಗುವಾಗಿದ್ದಾಗ ಅವರನ್ನು ಕೇಳಿದ್ದೂ ಅಲ್ಲೇ. ಶುಕ್ರವಾರ ಬೆಳಿಗ್ಗೆ ಅಣ್ಣ ಒಬ್ಬನೇ ಎಲ್ಲಿಗೋ ಹೋಗುತ್ತಿದ್ದನಂತೆ. ಎಲ್ಲಿಗೆ ಎಂದರೆ “ಕೆಳಗಿನ ತಂತಿಯನ್ನು ಮಾತಾಡಿಸಲು” ಎನ್ನುತ್ತಿದ್ದನಂತೆ. ಮುದುಕರು ಅದನ್ನು ತಮಾಷೆಯೆಂದೇ ತಿಳಿದಿದ್ದರು.

ಹಾಜಿ ಬಾಗಿಲ ಕಡೆ ಕೈ ತೋರಿಸಿದರು. “ಹೂವಿನ ಅಂಗಿಯ ದಪ್ಪ ಮನುಷ್ಯ. ಅಲ್ಲಿ ಕೂರುತ್ತಿದ್ದ. ನಮಗೆ ಬೆನ್ನು ಹಾಕಿ ಕೂರುತ್ತಿದ್ದ. ಎಂಥ ಮರ್ಯಾದೆ ಇಲ್ಲದವ ಎಂದು ನನ್ನ ತಂದೆ ಬೈಯುತ್ತಿದ್ದರು.”

ಅಣ್ಣನ ಮಗಳು ನಗಲೂ ಆಗದೆ, ಅಳಲೂ ಆಗದೆ ಬಾಯಿಗೆ ಕೈ ಹಿಡಿದುಕೊಂಡಳು. ಕೆಳಗಿನ ತಂತಿಯ ಶ್ರುತಿ ಅಣ್ಣನಿಗೆ ಸಿಕ್ಕಿದ್ದೇ ಈ ಗುನುಗಿನಿಂದ; ಹೂರಾದ ಹಠ ಏನೆಂದು ನನಗೆ ಆಗ ಗೊತ್ತಾಯಿತು.

ಸೆಕೆ ತಾಳಲಾರದೆ ಎಸಿ ಹಾಕಿದೆವು. ಆ ತಂಪಿನಲ್ಲಿ ಕೂತು, ಯಾರೂ ಕೇಳದೆಯೇ, ಹಾಜಿ ಗುನುಗತೊಡಗಿದರು. ಇಷ್ಟು ಸಣ್ಣ ಮೈಯಿಂದ ಅಂಥ ದನಿ ಬರಬಹುದೆಂದು ನಾನು ನಂಬುತ್ತಿರಲಿಲ್ಲ. ಮುದುಕರು ಅಣ್ಣನ ಗಿಟಾರನ್ನು ತೊಡೆಗೆ ಎಳೆದುಕೊಂಡು, ಮೇಲಿನ ನಾಲ್ಕನ್ನು ಕೂಡಿಸಿ, ದಪ್ಪ ತಂತಿಯನ್ನು ಆ ದನಿಗೆ ತಂದು ನಿಲ್ಲಿಸಿದರು. ಆಮೇಲೆ ಅದರ ಪಕ್ಕದ್ದನ್ನು. ಮೀಟಿದರು. ಈ ಸಲ ತಲೆ ಅಲ್ಲಾಡಿಸಲಿಲ್ಲ. ರಾಗವನ್ನು ಮೊದಲಿನಿಂದ ಕೊನೆಯವರೆಗೂ ನುಡಿಸಿದರು.

“ಪರ್ಫೆಕ್ಟ್ ಅಂಕಲ್! ಎಸಿ ಆಫ್ ಮಾಡಿ ಟೇಕ್ ತಗೊಳ್ಳೋಣ,” ಎಂದರು ಮೇಡಮ್. ಎಸಿ ಓಡುತ್ತಿದ್ದುದರಿಂದ ಅವರು ರೆಕಾರ್ಡ್ ಒತ್ತಿರಲಿಲ್ಲ.

ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಶುರುವಾಯಿತು. ಮಸೀದಿ ಹತ್ತಿರ; ಬಾಂಗ್ ಮುಗಿಯುವವರೆಗೆ ಮೈಕ್ ತೆರೆಯುವಂತಿಲ್ಲ. ಹಾಜಿ ನಮಾಜಿಗೆ ಎದ್ದುಹೋದರು. ಮೇಡಮ್ ನೀರಿನ ಬಾಟಲಿ ಕೊಟ್ಟರು. ಮುದುಕರು ಅದನ್ನು ತೆಗೆದುಕೊಳ್ಳಲು ಗಿಟಾರ್ ಕೆಳಗಿಟ್ಟರು. ಇಡುವ ಮೊದಲು ಅವರ ಎಡಗೈ ಬಿರಡೆಗಳ ಮೇಲೆ ಒಮ್ಮೆ ಓಡಾಡಿತು.

“ಅಂಕಲ್!” ಎಂದು ಅಣ್ಣನ ಮಗಳು ಕಿರುಚಿದಳು.

ಮುದುಕರು ತಮ್ಮ ಕೈಯನ್ನೇ ನೋಡಿಕೊಂಡರು. ಬೇರೆ ಯಾರದೋ ಕೈ ಎಂಬಂತೆ. ಆರೂ ತಂತಿ ಜೋತುಬಿದ್ದಿದ್ದವು.

ಮತ್ತೆ ಕೂಡಿಸಲು ನೋಡಿದರು. ಬಾಂಗ್ ತುಂಬಿದ ಕಿವಿಯಲ್ಲಿ ಮೊದಲಿನ ಸ್ವರ ಉಳಿದಿರಲಿಲ್ಲ. “ಸ್ವಲ್ಪ ಕೆಳಗಿತ್ತು,” ಎಂದರು ಮೇಡಮ್. “ಇಲ್ಲ, ಮೇಲೆ,” ಎಂದಳು ಹುಡುಗಿ. ಅದು ಮೆಷಿನು ತೋರಿಸುವ ಯಾವ ಸ್ವರವೂ ಅಲ್ಲ, ಎರಡರ ನಡುವೆ ಎಲ್ಲೋ ಇದ್ದದ್ದು. ಹಾಜಿಗಾಗಿ ಮಸೀದಿಗೆ ಓಡಿದೆ. ಹಾಜಿಯ ಮಗಳು ಬಂದು ಅವರನ್ನು ಕಾರಿನಲ್ಲಿ ರಿಫಾಕ್ಕೆ ಕರೆದುಕೊಂಡು ಹೋದಳು ಎಂದರು ಅಲ್ಲಿದ್ದವರು. ಮೊಬೈಲ್ ಇಟ್ಟುಕೊಳ್ಳುವ ಮನುಷ್ಯ ಅಲ್ಲ ಅವರು. ಸಂಜೆಗೆ ಇನ್ನೆಷ್ಟು ಹೊತ್ತು?

ತಿರುಗಿ ಬಂದಾಗ ಎಸಿ ನಿಂತಿತ್ತು. ಮೂವರೂ ಬೆವರುತ್ತ ಕೂತು ಕಿವಿಗೊಟ್ಟಿದ್ದರು. ಹೆಡ್‌ಫೋನಿನಲ್ಲಿ ಏನೋ ಇದೆ, ಆದರೆ ಶ್ರುತಿ ಕೂಡಿಸುವಷ್ಟು ಇಲ್ಲ ಎಂದರು ಮೇಡಮ್. ಆಮೇಲೆ ಗೋಡೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಒಂದೇ ಪದರ ಸಾಕು ಅಂದಿದ್ದೆ ಸರ್.”

ಕಾರ್ಪೆಟ್ ಕತ್ತರಿಸುವ ಚೂರಿ ನನ್ನ ಕಾರಿನಲ್ಲಿ ಯಾವಾಗಲೂ ಇರುತ್ತದೆ. ಬಾಗಿಲ ಪಕ್ಕದ ಗೋಡೆಯ ಫೋಮನ್ನು ಮೇಲಿನಿಂದ ಕೆಳಗೆ ಸೀಳಿ ಕಿತ್ತೆ. ನಾನೇ ಹಚ್ಚಿಸಿದ, ಇನ್ನೂ ಹೊಸ ವಾಸನೆ ಹೋಗದ ಸರಕು. ಹಿಂದಿನ ಗೋಡೆ ಒದ್ದೆಯಾಗಿತ್ತು. ಅದರ ಮೇಲೆ ಬಿಳಿ ಉಪ್ಪು ಅಲೆ ಅಲೆಯಾಗಿ, ಭರತ ಇಳಿದ ಮೇಲೆ ಮರಳಿನಲ್ಲಿ ಉಳಿಯುವ ಗೆರೆಗಳ ಹಾಗೆ ಕೂತಿತ್ತು. ಹಳೇ ಗೋಡೆಗೆ ಇಲ್ಲಿ ಉಪ್ಪು ಬರುವುದು ಹೊಸತಲ್ಲ. ಆದರೆ ಪಾಚಿಯ ವಾಸನೆ ನಾನು ಇಲ್ಲಿಯ ಯಾವ ಗೋಡೆಯಲ್ಲೂ ಕಂಡಿಲ್ಲ.

ಹೆಡ್‌ಫೋನ್ ಬೇಕಾಗಲಿಲ್ಲ. ಬರಿಗಿವಿಗೇ ಕೇಳಿತು. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುದುಕರು ಆ ಗೋಡೆಗೆ ಬೆನ್ನು ಹಾಕಿ, ಅಣ್ಣ ಕೂರುತ್ತಿದ್ದ ಜಾಗದಲ್ಲಿ ಕುರ್ಚಿ ಎಳೆದು ಕೂತು, ತಂತಿ ಕೂಡಿಸಿದರು. ಮೇಡಮ್ ರೆಕಾರ್ಡ್ ಒತ್ತಿದರು.

ಕೊನೆಯ ಸ್ವರ ಬಿಟ್ಟ ಮೇಲೆ ಮುದುಕರು ಎರಡೂ ಕೈಗಳನ್ನು ಎತ್ತಿ ನಮಗೆ ತೋರಿಸಿ, ಮೊಣಕಾಲಿನ ಮೇಲೆ ಇಟ್ಟುಕೊಂಡರು. ಮತ್ತೆ ತಪ್ಪು ಮಾಡುವುದಿಲ್ಲ ಎಂಬಂತೆ. ಗಾಜಿನ ಈಚೆಯಿಂದ ನಾನೂ ಮೇಡಮೂ ನೋಡುತ್ತಿದ್ದೆವು. ಹುಡುಗಿ ಅವರ ಎದುರಿಗೇ ಇದ್ದಳು. ಸ್ವರ ಆರುವವರೆಗೆ ಮೇಡಮ್ ಮೆಷಿನ್ ಓಡಲು ಬಿಟ್ಟರು. ಇದ್ದಕ್ಕಿದ್ದಂತೆ ಅವರ ಬೆನ್ನು ನೆಟ್ಟಗಾಯಿತು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

ಕಿರ್. ಕಿರ್ರ್. ಬಿರಡೆ ತಿರುಗುವ ಸದ್ದು. ಒಂದರ ನಂತರ ಒಂದು, ಅವಸರವಿಲ್ಲದೆ. ಮುದುಕರ ಕೈಗಳು ಮೊಣಕಾಲಿನ ಮೇಲೇ ಇದ್ದವು.

ಮೇಡಮ್ ಒಳಗೆ ಹೋಗಿ, “ಅಂಕಲ್, ಕೆಳಗಿನ ತಂತಿ ಮೀಟಿ,” ಎಂದರು. ಅವರು ಮೀಟಿದರು. ತಂತಿ ಮರಕ್ಕೆ ಬಡಿದು ಟಪ್ ಎಂದಿತು, ಅಷ್ಟೆ. ಆರೂ ಸಡಿಲ.

“ಅಪ್ಪ,” ಎಂದಳು ಹುಡುಗಿ.

ಮುದುಕರು ಬಹಳ ಹೊತ್ತು ಆ ಗಿಟಾರನ್ನು ಸವರಿದರು. “ಸಿಕ್ಕಿತಾ?” ಎಂದು ಮೇಡಮ್ ಅವರನ್ನು ಕೇಳಿದರು. ರಾಗ ಪೂರ್ತಿ ಸಿಕ್ಕಿದೆ, ಬೇಕಾದರೆ ಶ್ರುತಿಯನ್ನೂ ಅಳೆದು ಬರೆದುಕೊಡುತ್ತೇನೆ ಎಂದರು ಮೇಡಮ್. “ಬೇಡಮ್ಮ. ಹಾಡು ನಮಗೆ ಕೊಟ್ಟ. ಶ್ರುತಿ ಅವನದ್ದು, ಅವನೇ ತೆಗೆದುಕೊಂಡ,” ಎಂದರು.

ರೆಕಾರ್ಡಿಂಗ್ ಆ ಸಂಜೆಯೇ ಹೋಯಿತು. ನಿರ್ದೇಶಕ ಒಪ್ಪಿದ. ಸಿನಿಮಾ ಬಂದಾಗ ಮಾಲಿನ ಥಿಯೇಟರಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಹುಡುಗ ಕತ್ತಲ ನೀರಿಗೆ ಇಳಿಯುತ್ತಾನೆ, ಕೆಳಗಿನ ತಂತಿ ಶುರುವಾಗುತ್ತದೆ, ಮುಂದಿನ ಸಾಲಿನ ಮಕ್ಕಳು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸುತ್ತಾರೆ. ರಾಗ ಮುಗಿದ ಮೇಲೆ, ಮೇಲೆ ದೋಣಿಯವರು ಹಿಡಿದ ಹಗ್ಗ ಸಡಿಲಾಗುವ ದೃಶ್ಯ ಬರುತ್ತದೆ. ಅದಕ್ಕೆ ನಿರ್ದೇಶಕ ಇಟ್ಟ ಸದ್ದು ಆ ಕಿರ್ ಕಿರ್. ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂದು ನನಗೆ ಮೆಸೇಜ್ ಹಾಕಿದ್ದ. ನಾನು ಥ್ಯಾಂಕ್ಸ್ ಎಂದೆ. ಮಾಡಿದವರು ಬೇರೆ ಎಂದು ಬರೆದರೆ ಅವನು ಅವರ ವಿಳಾಸ ಕೇಳುತ್ತಿದ್ದ.

ಬಾಗಿಲ ಪಕ್ಕದ ಗೋಡೆಗೆ ನಾನು ಮತ್ತೆ ಫೋಮ್ ಹಚ್ಚಿಸಿಲ್ಲ. ಶುಕ್ರವಾರ ಬೆಳಿಗ್ಗೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಬಾಗಿಲ ಹತ್ತಿರ ಒಂದು ಕುರ್ಚಿ ಇಟ್ಟು ಬೀಗ ಹಾಕಿ ಬರುತ್ತೇನೆ. ಕುರ್ಚಿಯ ಬೆನ್ನು ಒಳಗಿನವರಿಗೆ, ಮುಖ ಗಲ್ಲಿಯ ಕಡೆಗೆ.

ನೀವು ಈ ಕಡೆ ಅಂಗಡಿಗೋ ಸ್ಟುಡಿಯೋಗೋ ಹಳೇ ಕೋಣೆ ಹುಡುಕುತ್ತಿದ್ದರೆ ನನ್ನ ಮಾತು ಕೇಳಿ. ಸಂಜೆಯ ತಂಪಿನಲ್ಲಿ ನೋಡಬೇಡಿ. ಮಧ್ಯಾಹ್ನ ಹೋಗಿ, ಎಸಿ ನಿಲ್ಲಿಸಿ, ಒಳಗೆ ಒಬ್ಬರೇ ನಿಂತು ಬೆವರು ಬರುವವರೆಗೆ ಸುಮ್ಮನಿರಿ. ಬಾಡಿಗೆ ಕಡಿಮೆ ಎಂದರೆ ಕಾರಣ ಕೇಳಿ, ಕಾರಣ ಕೇಳಿದ ಮೇಲೆ ಇನ್ನೂ ಕಡಿಮೆ ಮಾಡಿಸಿ. ಗೋಡೆಗೆ ಒಂದೇ ಪದರ ಸಾಕು. ಗಿರಾಕಿ ಒಂದು ಜಾಗಕ್ಕೆ ಹಠ ಹಿಡಿದರೆ ದರ ಏರಿಸಿ, ಬೇಡ ಎನ್ನುವುದಿಲ್ಲ, ಆದರೆ ಏರಿಸುವ ಮೊದಲು ಹಠ ಯಾರದ್ದು ಎಂದು ಕೇಳಿಕೊಳ್ಳಿ. ಇನ್ನು ರೆಕಾರ್ಡಿಂಗ್ ಮಾಡುವವರಾದರೆ ಕೊನೆಯ ಸ್ವರ ಮುಗಿಯಿತೆಂದು ಮೆಷಿನನ್ನು ಕೂಡಲೇ ನಿಲ್ಲಿಸಬೇಡಿ. ಸ್ವಲ್ಪ ಹೊತ್ತು ಓಡಲಿ. ನಿಮ್ಮ ಕೈಗಳನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಳ್ಳಿ.